ಭಾನುವಾರದ ಮಗ್ಗಿ ಪರೀಕ್ಷೆ ನಿಲ್ಲಲಿ

ಬನಶಂಕರಿಯ ತಾಯಿಯೊಬ್ಬರ ಪತ್ರ ಓದಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಒಂಬತ್ತು ವರ್ಷದ ಮಗನನ್ನು ಎರಡು ವರ್ಷಗಳ ಹಿಂದೆ ಶಾಲೆಯಿಂದ ಬಿಡಿಸಿ, ಪಠ್ಯಕ್ರಮದ ಹಂಗಿಲ್ಲದೆ ಆಸಕ್ತಿ ಹೋದತ್ತ ಕಲಿಯಲು ಬಿಟ್ಟಿದ್ದಾರೆ. ಈಗ ಅವರ ಧೈರ್ಯ ಕುಸಿದಿದೆ. ಪ್ರತಿ ಭಾನುವಾರ ಊಟಕ್ಕೆ ಬರುವ ಭಾವನವರು ಹುಡುಗನನ್ನು ಎದುರು ನಿಲ್ಲಿಸಿಕೊಂಡು ಹದಿಮೂರರ ಮಗ್ಗಿ ಕೇಳುತ್ತಾರೆ, ಅವನು ತಡವರಿಸುತ್ತಾನೆ, ಯಜಮಾನರು ತಲೆ ಎತ್ತದೆ ಊಟ ಮುಗಿಸುತ್ತಾರೆ. ಜೂನ್‌ನಲ್ಲಿ ಮತ್ತೆ ಶಾಲೆಗೆ ಸೇರಿಸಬೇಕೇ ಎಂಬುದು ತಾಯಿಯ ಪ್ರಶ್ನೆ.

ಅಮ್ಮಾ, ಪತ್ರದ ಕೊನೆಯಲ್ಲಿ, ಲೆಕ್ಕಕ್ಕಿಲ್ಲವೆಂಬಂತೆ ನೀವು ಬರೆದ ಸಾಲೊಂದಿದೆ. ಮಗ ಬಿಎಂಟಿಸಿ ಬಸ್ಸುಗಳ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ, ದೊಡ್ಡಪ್ಪ ಬಂದ ಕೂಡಲೇ ಅದನ್ನು ಹಾಸಿಗೆಯಡಿ ಬಚ್ಚಿಡುತ್ತಾನೆ. 335ಇ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ, 500ಡಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಎಂದು ಬೋರ್ಡು ಓದಿ ಬರೆದುಕೊಂಡು, ಐನೂರರ ಬಸ್ಸುಗಳೆಲ್ಲ ವರ್ತುಲ ರಸ್ತೆ ಹಿಡಿಯುತ್ತವೆಂದು ಯಾರೂ ಹೇಳಿಕೊಡದೆ ಕಂಡುಕೊಂಡ ಮಗುವಿಗೆ ಕಲಿಕೆ ಹತ್ತುತ್ತಿಲ್ಲವೆಂದು ನಾನು ಒಪ್ಪಲಾರೆ. ಅದನ್ನು ಬಚ್ಚಿಡುವ ಹಾಗಾಯಿತಲ್ಲ, ನನಗೆ ನೋವಾದದ್ದು ಅಲ್ಲಿ. 1977ರಲ್ಲಿ ಇಂಥ ಕಲಿಕೆಗೆಂದೇ ಪತ್ರಿಕೆ ಆರಂಭಿಸಿದ ಅಮೆರಿಕದ ಜಾನ್ ಹೋಲ್ಟ್ ಸ್ವತಃ ಶಾಲಾ ಶಿಕ್ಷಕರಾಗಿದ್ದವರು. ಉತ್ತರ ತಪ್ಪಾದೀತೆಂಬ ಭಯ ಮಕ್ಕಳ ಯೋಚನೆಯನ್ನೇ ಕಟ್ಟಿಹಾಕುವುದನ್ನು ಅವರು ಕಂಡದ್ದು ತರಗತಿಯಲ್ಲಿಯೇ. ನಾಲ್ಕು ಜನರ ಮುಂದೆ ಮಗುವಿನ ಪರೀಕ್ಷೆ ಮಾಡಬಾರದೆಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಮುಂದಿನ ದಾರಿಯ ಚಿಂತೆಗೆ ಎರಡು ಮಾತು ಸಾಕು. ಆರರಿಂದ ಹದಿನಾಲ್ಕು ವರ್ಷದವರಿಗಾಗಿ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಯಲ್ಲೇ ಕಲಿಯುವ ಮಕ್ಕಳ ಬಗ್ಗೆ ಸ್ಪಷ್ಟ ಮಾತಿಲ್ಲ, ಹಾಗಾಗಿ ನಿಮ್ಮ ಅಳುಕು ಸಹಜ. ಆದರೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಮಗನೇ ಶಾಲೆ ಬೇಕೆಂದರೆ ಧಾರಾಳವಾಗಿ ಸೇರಿಸಿ. ಭಾವನವರ ಬಾಯಿ ಮುಚ್ಚಿಸಲೆಂದು ಮಾತ್ರ ಸೇರಿಸಬೇಡಿ.

ನಿಮ್ಮ ಯಜಮಾನರ ಮೇಲೆ ನನಗೆ ಕನಿಕರ ಹುಟ್ಟುತ್ತಿಲ್ಲ. ಶಾಲೆ ಬಿಡಿಸುವ ತೀರ್ಮಾನ ಇಬ್ಬರದೂ ಆಗಿದ್ದರೆ, ಅದಕ್ಕೆ ಉತ್ತರ ಹೇಳುವ ಭಾರ ನಿಮ್ಮೊಬ್ಬರ ತಲೆಗೇಕೆ? ಈ ಶನಿವಾರ ರಾತ್ರಿಯೊಳಗೆ ಅವರೇ ಅಣ್ಣನಿಗೆ ಫೋನ್ ಮಾಡಿ, ಊಟಕ್ಕೆ ಬನ್ನಿ, ಆದರೆ ಹುಡುಗನನ್ನು ಇನ್ನು ಮುಂದೆ ಏನನ್ನೂ ಒಪ್ಪಿಸಲು ಕೇಳಬೇಡಿ ಎಂದು ಹೇಳಲಿ.