ಒಸಿಟಿ ವರದಿ ರೋಗಿಯ ಕಡತ ಸೇರುವ ದಾರಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಟ್ರಸ್ಟ್ ಆಸ್ಪತ್ರೆ. ಕಣ್ಣಿನ ವಿಭಾಗದ ಒಸಿಟಿ (ಅಕ್ಷಿಪಟಲವನ್ನು ಪದರಪದರವಾಗಿ ತೋರಿಸುವ ಸ್ಕ್ಯಾನರ್), ಫಂಡಸ್ ಕ್ಯಾಮೆರಾ (ಅಕ್ಷಿಪಟಲದ ಫೋಟೊ ತೆಗೆಯುವುದು), ಆಟೊರಿಫ್ರಾಕ್ಟೊಮೀಟರ್ (ಕನ್ನಡಕದ ಪವರ್ ಅಳೆಯುವುದು) ಇವಕ್ಕೆ ಅವುಗಳದೇ ತಂತ್ರಾಂಶಗಳಿವೆ. ಆಸ್ಪತ್ರೆಯ ಇಎಂಆರ್ (ರೋಗಿಗಳ ಕಡತವಿಡುವ ತಂತ್ರಾಂಶ) ಬೇರೆ ಕಂಪನಿಯದು. ಈಗ ವರದಿಗಳನ್ನು ಪೆನ್‌ಡ್ರೈವಿನಲ್ಲಿ ತಂದು ಪಿಡಿಎಫ್ ಆಗಿ ಸೇರಿಸುತ್ತೇವೆ. ‘ಪೂರ್ತಿ ಜೋಡಿಸಿಕೊಡುತ್ತೇವೆ’ ಎಂದು ಒಂದು ಕೊಟೇಶನ್ ಬಂದಿದೆ. ಒಪ್ಪುವ ಮೊದಲು ಏನು ಕೇಳಬೇಕು?
– ನೇತ್ರತಜ್ಞೆ, ಹಾಸನ ಜಿಲ್ಲೆ

ಉತ್ತರ: ಮೊದಲು ಆ ಕೊಟೇಶನ್ನಿನಿಂದ ‘ಪೂರ್ತಿ’ ಎಂಬ ಪದವನ್ನು ತೆಗೆಸಿ. ಯಾವ ಯಂತ್ರದಿಂದ ಯಾವ ಮಾಹಿತಿ, ಯಾವ ರೂಪದಲ್ಲಿ, ಎಲ್ಲಿಗೆ ಹೋಗುತ್ತದೆ ಎಂದು ಸಾಲು ಸಾಲಾಗಿ ಬರೆದುಕೊಡಲಿ. ಎಷ್ಟೋ ಕಡೆ ಜೋಡಣೆ ಎಂದರೆ ನೀವು ಪೆನ್‌ಡ್ರೈವಿನಲ್ಲಿ ಮಾಡುತ್ತಿರುವುದನ್ನೇ ತಂತಿಯ ಮೂಲಕ ಮಾಡುವುದು, ಅಷ್ಟೆ. ಪಿಡಿಎಫ್ ಕಡತದಲ್ಲಿ ಬಂದು ಕೂರುತ್ತದೆ, ನಿಜ. ಮಧುಮೇಹಿಯೊಬ್ಬರ ಅಕ್ಷಿಪಟಲದ ದಪ್ಪ ಕಳೆದ ಮೂರು ಭೇಟಿಗಳಲ್ಲಿ ಎಷ್ಟು ಬದಲಾಯಿತು ಎಂದು ಕೇಳಿ ನೋಡಿ, ಅದು ಬಾಯಿ ಬಿಡುವುದಿಲ್ಲ.

ಕಗ್ಗಂಟು ಇರುವುದು ರೋಗಿಯ ಹೆಸರು ಯಂತ್ರಕ್ಕೆ ಹೋಗುವ ದಾರಿಯಲ್ಲಿ. ನೋಂದಣಿ ಕೌಂಟರಿನಲ್ಲಿ ಗೌರಮ್ಮ ಎಂದು ಬರೆಸಿದವರ ಹೆಸರನ್ನು ಒಸಿಟಿ ಕೋಣೆಯ ತಂತ್ರಜ್ಞ ಇಂಗ್ಲಿಷಿನಲ್ಲಿ ಮತ್ತೆ ಟೈಪು ಮಾಡುತ್ತಾರೆ. ಅಲ್ಲಿ ಎರಡು ‘ಎಂ’ ಇದ್ದರೆ ಇಲ್ಲಿ ಒಂದೇ. ಯಂತ್ರದ ಲೆಕ್ಕದಲ್ಲಿ ಈಗ ಇಬ್ಬರು ಗೌರಮ್ಮಂದಿರು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಹೆಸರು ಮತ್ತು ವಯಸ್ಸು ನೋಡಿ ವರದಿ ಹೊಂದಿಸುವ ಏರ್ಪಾಡಿತ್ತು. ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರ ಗ್ಲಾಕೋಮಾ ವರದಿಗಳು ಅದಲುಬದಲಾದವು. ಅದನ್ನು ಪತ್ತೆ ಮಾಡಿದವರು, ‘ನನಗೆ ಆಪರೇಷನ್ ಆಗಿದ್ದು ಎಡಗಣ್ಣಿಗಲ್ಲವೇ ಡಾಕ್ಟರೇ?’ ಎಂದು ಕೇಳಿದ ರೋಗಿಯೇ.

ಇದಕ್ಕೆ ಮದ್ದು ವೈದ್ಯಕೀಯ ಚಿತ್ರಗಳ ವಿನಿಮಯಕ್ಕಿರುವ ಡೈಕಾಮ್ ಮಾನಕದಲ್ಲೇ ಇದೆ, ‘ಮೊಡಾಲಿಟಿ ವರ್ಕ್‌ಲಿಸ್ಟ್’ ಎಂಬ ಹೆಸರಿನಲ್ಲಿ. ನೀವು ಇಎಂಆರ್‌ನಲ್ಲಿ ಒಸಿಟಿ ಬರೆದ ಕೂಡಲೇ ಆ ಆದೇಶ ಎಚ್‌ಎಲ್7 (ಆಸ್ಪತ್ರೆಯ ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾತನಾಡುವ ಮಾನಕ) ಸಂದೇಶವಾಗಿ ಹೊರಟು ಒಂದು ಪಟ್ಟಿಯಲ್ಲಿ ಸೇರುತ್ತದೆ. ಯಂತ್ರ ಆ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ತಂತ್ರಜ್ಞರು ಟೈಪು ಮಾಡದೆ ಹೆಸರನ್ನು ಆರಿಸಿದರೆ ಸಾಕು. ರೋಗಿಯ ಆಸ್ಪತ್ರೆ ಸಂಖ್ಯೆ, ಆ ಆದೇಶದ ಅಕ್ಸೆಶನ್ ಸಂಖ್ಯೆ ಎರಡೂ ಚಿತ್ರಕ್ಕೆ ಅಂಟಿಕೊಂಡೇ ವಾಪಸ್ ಬರುತ್ತವೆ. ಎಷ್ಟೋ ಯಂತ್ರಗಳಲ್ಲಿ ಈ ಸೌಲಭ್ಯಕ್ಕೆ ಬೇರೆ ಪರವಾನಗಿ ಕೊಳ್ಳಬೇಕಾಗುತ್ತದೆ. ಆ ಖರ್ಚು ಕೊಟೇಶನ್ನಿನಲ್ಲಿ ಸೇರಿದೆಯೇ, ಕೇಳಿ.

ಡೈಕಾಮ್ ಯಂತ್ರದ ತಯಾರಕರು, ಯಂತ್ರ ಆ ಮಾನಕದ ಏನೇನನ್ನು ಬಲ್ಲದು ಎಂದು ಹೇಳುವ ‘ಕನ್‌ಫಾರ್ಮನ್ಸ್ ಸ್ಟೇಟ್‌ಮೆಂಟ್’ ಎಂಬ ದಾಖಲೆಯನ್ನು ಕೊಡಬೇಕು. ಮಾರಾಟಗಾರರ ಬಣ್ಣದ ಕೈಪಿಡಿಯನ್ನು ಬದಿಗಿಟ್ಟು ಅದನ್ನು ತರಿಸಿಕೊಳ್ಳಿ. ವರ್ಕ್‌ಲಿಸ್ಟ್ ಇದೆಯೇ? ಒಸಿಟಿಯ ಪದರಪದರದ ಚಿತ್ರಗಳನ್ನೇ ಕಳುಹಿಸುತ್ತದೆಯೇ, ಇಲ್ಲವೇ ಪರದೆಯ ಪಟವನ್ನಷ್ಟೇ ಡೈಕಾಮ್ ಲಕೋಟೆಗೆ ತುರುಕುತ್ತದೆಯೇ? ಕನ್ನಡದ ಹೆಸರು ಬೇಕಿದ್ದರೆ ‘ಐಎಸ್‌ಒ ಐಆರ್ 192’, ಅಂದರೆ ಕನ್ನಡ ಅಕ್ಷರಗಳನ್ನೂ ಬಲ್ಲ ಯುಟಿಎಫ್-8 ಸಂಕೇತ ಪದ್ಧತಿ, ಅದರಲ್ಲಿ ನಮೂದಾಗಿದೆಯೇ? ಇರದಿದ್ದರೆ ಗೌರಮ್ಮನವರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ನೋಡಬೇಕಾದೀತು.

ಆಟೊರಿಫ್ರಾಕ್ಟೊಮೀಟರಿನದು ಬೇರೆ ಕಥೆ. ಅವುಗಳಲ್ಲಿ ಹಲವು ಡೈಕಾಮ್ ಮಾತನಾಡುವುದಿಲ್ಲ. ಸೀರಿಯಲ್ ಪೋರ್ಟಿನಿಂದ ಅಂಕಿಗಳನ್ನು ಉದುರಿಸುತ್ತವೆ, ಅಥವಾ ಒಂದು ಎಕ್ಸ್‌ಎಂಎಲ್ ಕಡತ ಬರೆದಿಡುತ್ತವೆ. ನಡುವೆ ಒಂದು ದುಭಾಷಿ ತಂತ್ರಾಂಶ ಬೇಕು. ಅಲ್ಲಿ ಚಿಹ್ನೆಯ ಬಗ್ಗೆ ಮೈಯೆಲ್ಲ ಕಣ್ಣಾಗಿರಿ. ಮೈನಸ್ 2.50 ಎಂಬುದರ ಮೈನಸ್ ದಾರಿಯಲ್ಲಿ ಉದುರಿಹೋದರೆ ಉಳಿಯುವುದು ಯಾರೂ ಅನುಮಾನಿಸದ, ಪೂರಾ ತಪ್ಪಾದ ಸಂಖ್ಯೆ. ದೃಷ್ಟಿಯ ಅಳತೆಯನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಲು ಬಿಡಲೇಬೇಡಿ. ಒಮ್ಮೆ ನಾನೇ ನೋಡಿದ್ದೇನೆ: ಒಂದು ಕಂಪ್ಯೂಟರಿನಲ್ಲಿ 6/12 ಎಂಬ ದೃಷ್ಟಿ ಡಿಸೆಂಬರ್ 6 ಆಗಿತ್ತು, ಪಕ್ಕದ ಕಂಪ್ಯೂಟರಿನಲ್ಲಿ ಅದೇ ಜೂನ್ 12.

ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ ಆಭಾ ಸಂಖ್ಯೆಯನ್ನೇ ಆಸ್ಪತ್ರೆಯ ಒಳಗಿನ ಗುರುತಾಗಿ ಬಳಸೋಣವೇ ಎಂದು ನಿಮ್ಮವರು ಕೇಳಬಹುದು. ಬೇಡ. ಆ 14 ಅಂಕಿಗಳ ಸಂಖ್ಯೆ ಐಚ್ಛಿಕ, ಎಲ್ಲರ ಬಳಿಯೂ ಇರುವುದಿಲ್ಲ. ಒಳಗೆ ನಿಮ್ಮದೇ ಸಂಖ್ಯೆ ಇರಲಿ, ಆಭಾ ಅದರ ಜೊತೆಗಿರಲಿ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ದಾಖಲೆಗಳು ರೋಗಿಯ ಸಮ್ಮತಿ ಪಡೆದು, ಫೈರ್ ಎಂಬ ಮಾನಕದ ರೂಪದಲ್ಲಿ ಹೊರಗೆ ಹೋಗುತ್ತವೆ. ಅದು ಇಎಂಆರ್ ಕಂಪನಿಯ ಹೊಣೆ. ಒಸಿಟಿ ಕಂಪನಿಯವರ ಬೆನ್ನು ಬೀಳಬೇಡಿ.

ಕೊನೆಯ ಕಂತು ಕೊಡುವ ಮುನ್ನ ಎಲ್ಲವೂ ಸರಿಯಿರುವ ರೋಗಿಯನ್ನು ಹಿಡಿದು ಪರೀಕ್ಷೆ ಮಾಡಿಸಬೇಡಿ. ಎರಡೆರಡು ಸಲ ನೋಂದಾಯಿಸಿದ ಒಬ್ಬರ ದಾಖಲೆಗಳನ್ನು ಒಂದಾಗಿಸಲು ಹೇಳಿ. ಬಲಗಣ್ಣಿನ ವರದಿಯನ್ನು ಎಡಗಣ್ಣಿನದೆಂದು ಕಳುಹಿಸಿ, ತಿದ್ದಿ, ಮತ್ತೆ ಕಳುಹಿಸಲು ಹೇಳಿ: ಹಳೆಯದು ರದ್ದಾಗುತ್ತದೆಯೇ, ಎರಡೂ ಅಕ್ಕಪಕ್ಕ ಕೂರುತ್ತವೆಯೇ ನೋಡಿ. ಅರ್ಧ ಗಂಟೆ ನೆಟ್‌ವರ್ಕ್ ಕಿತ್ತುಹಾಕಿ, ಆ ಹೊತ್ತಿನಲ್ಲಿ ತೆಗೆದ ಸ್ಕ್ಯಾನ್‌ಗಳು ಆಮೇಲೆ ತಾವಾಗಿ ಬಂದು ಸೇರುತ್ತವೆಯೇ ಎಂದು ಎಣಿಸಿ.

ಪ್ರಶ್ನೆ: ರೋಗ, ಚಿಕಿತ್ಸೆಗಳನ್ನು ಗುರುತಿಸುವ ಸ್ನೋಮೆಡ್, ಲ್ಯಾಬ್ ಪರೀಕ್ಷೆಗಳನ್ನು ಗುರುತಿಸುವ ಲೋಯಿಂಕ್ ಸಂಕೇತಗಳಿಗೆ ವರ್ಷಾವರ್ಷ ಪರವಾನಗಿ ಶುಲ್ಕ ಕಟ್ಟಬೇಕು ಎಂದು ಕಂಪನಿಯವರು ಹೇಳುತ್ತಾರೆ. ಹೌದೇ?
– ಲ್ಯಾಬ್ ವ್ಯವಸ್ಥಾಪಕ, ಹುಬ್ಬಳ್ಳಿ

ಉತ್ತರ: ಇಲ್ಲ. ಸ್ನೋಮೆಡ್ ಇಂಟರ್‌ನ್ಯಾಷನಲ್‌ಗೆ ಭಾರತ 2014ರಿಂದ ಸದಸ್ಯ, ಹಾಗಾಗಿ ಇಲ್ಲಿನ ಬಳಕೆಗೆ ಶುಲ್ಕವಿಲ್ಲ. ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಬೇಕು. ಲೋಯಿಂಕ್ ಎಲ್ಲ ದೇಶದವರಿಗೂ ಉಚಿತ. ನಿಮ್ಮ ಪರೀಕ್ಷೆಗಳ ಪಟ್ಟಿಯನ್ನು ಆ ಸಂಕೇತಗಳಿಗೆ ಹೊಂದಿಸುವ ಕೆಲಸಕ್ಕೆ ಅವರು ಕೂಲಿ ಕೇಳಿದರೆ ಅದು ನ್ಯಾಯ, ಏಕೆಂದರೆ ಆ ಕೆಲಸ ಬೇಸರದ್ದು. ರಸೀದಿಯಲ್ಲಿ ಅದನ್ನು ಪರವಾನಗಿ ಶುಲ್ಕ ಎಂದು ಬರೆಯಲು ಬಿಡಬೇಡಿ.