ಡಿಮಿಟ್ರೊ ಕುಲೆಬಾ 38ನೇ ವಯಸ್ಸಿಗೇ ಉಕ್ರೇನ್ ವಿದೇಶಾಂಗ ಸಚಿವರಾದದ್ದು ಹೇಗೆ? ಅಪ್ಪ ರಾಯಭಾರಿ ಅಂತಲೇ?

ಅಪ್ಪ ಇವಾನ್ ಕುಲೆಬಾ ರಾಯಭಾರಿಯಾಗಿದ್ದವರು, ಅದು ನಿಜ. ಆ ವಾತಾವರಣದಲ್ಲಿ ಬೆಳೆದದ್ದು ಮಗನಿಗೆ ಸಹಾಯವಾಗಿರುತ್ತದೆ, ಇಲ್ಲ ಅನ್ನೋಲ್ಲ. ಆದರೆ ಅಪ್ಪನ ಹೆಸರಿನಿಂದಲೇ ಎಲ್ಲ ಸಿಕ್ಕಿತು ಅಂದರೆ ನಾನು ಒಪ್ಪುವುದಿಲ್ಲ. 2013ರಲ್ಲಿ ಮಗ ಸರ್ಕಾರಿ ಕೆಲಸ ಬಿಟ್ಟರಲ್ಲ, ಅಸಲಿ ತಿರುವು ಇರುವುದು ಅಲ್ಲಿ.

ಹುಟ್ಟಿದ್ದು 1981ರಲ್ಲಿ, ಸುಮಿ ನಗರದಲ್ಲಿ. ಕೀವ್‌ನಲ್ಲಿ ಅಂತರರಾಷ್ಟ್ರೀಯ ಕಾನೂನು ಓದಿ, 2003ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಹತ್ತು ವರ್ಷ ಅದೇ ಕೆಲಸ. ಆಮೇಲೆ ಆಗಿನ ಅಧ್ಯಕ್ಷ ಯಾನುಕೋವಿಚ್ ಸರ್ಕಾರ ಹಿಡಿದ ದಾರಿ ಸರಿಬರದೆ ಹೊರಗೆ ಬಂದರು. ಸಾಂಸ್ಕೃತಿಕ ಸಂಸ್ಥೆಯೊಂದನ್ನು ನಡೆಸಿದರು, ಆ ಸರ್ಕಾರದ ವಿರುದ್ಧ ಕೀವ್‌ನಲ್ಲಿ ಎದ್ದ ಮೈದಾನ್ ಚಳವಳಿಯಲ್ಲಿ ಜನರ ಜೊತೆ ನಿಂತರು. ಭದ್ರವಾದ ಸರ್ಕಾರಿ ನೌಕರಿಯನ್ನು ಹೀಗೆ ಬಿಡುವವರು ಎಷ್ಟು ಜನ ಇದ್ದಾರೆ ಹೇಳಿ?

2014ರಲ್ಲಿ ಉಕ್ರೇನಿನ ಕ್ರೈಮಿಯಾ ರಷ್ಯಾ ಪಾಲಾಯಿತು. ತಮ್ಮ ಕಷ್ಟವನ್ನು ಜಗತ್ತಿಗೆ ತಿಳಿಯುವಂತೆ ಹೇಳಬಲ್ಲವರು ಬೇಕಾದಾಗ ಇಲಾಖೆ ಅವರನ್ನು ವಾಪಸ್ ಕರೆಯಿತು. 2016ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪ್ ಕೌನ್ಸಿಲ್ ಎಂಬ ಮಾನವ ಹಕ್ಕುಗಳ ಸಂಸ್ಥೆಗೆ ಉಕ್ರೇನಿನ ಪ್ರತಿನಿಧಿ, 2019ರಲ್ಲಿ ಉಪಪ್ರಧಾನಿ, 2020ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವ. ಆಗ ಆ ಖಾತೆಯಲ್ಲಿದ್ದ ಪ್ರಿಸ್ಟೈಕೊ ಇವರ ಜಾಗಕ್ಕೆ ಹೋದರು. ಸುಮ್ನೆ ಅದಲುಬದಲು ಅಷ್ಟೇ.

ಆ ಮನುಷ್ಯ ಎಂಥವರು ಅಂತ ನನಗೆ ತಿಳಿದದ್ದು 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಯುದ್ಧದ ಮೊದಲ ದಿನಗಳಲ್ಲಿ. ನಮ್ಮ ಹಾವೇರಿಯ ಹುಡುಗನೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ, ಹಾಗಾಗಿ ಅಲ್ಲಿಯ ಸುದ್ದಿಯನ್ನು ಬಿಡದೆ ನೋಡುತ್ತಿದ್ದೆ. 2022ರ ಮಾರ್ಚ್ 10ರಂದು ಟರ್ಕಿಯ ಅಂಟಾಲ್ಯದಲ್ಲಿ ಕುಲೆಬಾ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಎದುರು ಕೂತರು. ಹಿಂದಿನ ದಿನವಷ್ಟೇ ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆ ಮೇಲೆ ಬಾಂಬ್ ಬಿದ್ದಿತ್ತು. ಇವರು ಕೇಳಿದ್ದು ಎರಡೇ: ಮರಿಯುಪೋಲ್ ಜನ ಹೊರಗೆ ಬರಲು ದಾರಿ, 24 ಗಂಟೆ ಕದನವಿರಾಮ. ಎರಡೂ ಸಿಗಲಿಲ್ಲ. ಆಚೆ ಬಂದು ಅದನ್ನು ಇದ್ದ ಹಾಗೇ ಹೇಳಿದರು. ಉಕ್ರೇನ್ ಶರಣಾಗಿಲ್ಲ, ಆಗೋದೂ ಇಲ್ಲ ಅಂದರು. ಮುಂದಿನ ತಿಂಗಳು ಬ್ರಸೆಲ್ಸ್‌ನ ನೇಟೊ ಸಭೆಗೆ ಹೋದಾಗಲೂ ಅಷ್ಟೇ. ತಮಗೆ ಬೇಕಾದದ್ದು ಮೂರು ಅಂದರು: ಶಸ್ತ್ರ, ಶಸ್ತ್ರ, ಶಸ್ತ್ರ. ರಾಯಭಾರದ ಸುತ್ತುಬಳಸು ಮಾತೇ ಇಲ್ಲ.

ಈ ನೇರ ಮಾತು ನಮಗೂ ತಾಗಿದೆ. ಭಾರತ ರಷ್ಯಾದಿಂದ ಕೊಳ್ಳುವ ಕಚ್ಚಾ ತೈಲದಲ್ಲಿ ಉಕ್ರೇನಿಗರ ರಕ್ತ ಬೆರೆತಿದೆ ಎಂಬರ್ಥದಲ್ಲಿ 2022ರ ಆಗಸ್ಟ್‌ನಲ್ಲಿ ಹೇಳಿದ್ದರು. ನಮ್ಮಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ನಮಗೂ ಅಗ್ಗದ ತೈಲ ಬೇಕಿತ್ತು, ಅಲ್ವಾ? ಆದರೂ ಮನೆಗೆ ಬೆಂಕಿ ಬಿದ್ದವನು ಮೆಲ್ಲಗೆ ಮಾತಾಡಲಿ ಅಂತ ನಾನು ಕೇಳಲಾರೆ. ಅದೇ ಮನುಷ್ಯ 2024ರ ಮಾರ್ಚ್‌ನಲ್ಲಿ ದೆಹಲಿಗೆ ಬಂದು ಜೈಶಂಕರ್ ಜೊತೆ ಕೂತು ಮಾತಾಡಿದರು. ಆಗಸ್ಟ್‌ನಲ್ಲಿ ಮೋದಿಯವರು ಕೀವ್‌ಗೆ ಹೋದರು.

ಮರು ತಿಂಗಳೇ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಸಂಪುಟ ಬದಲಿಸಿದರು. ಕುಲೆಬಾ ರಾಜೀನಾಮೆ ಕೊಟ್ಟರು, ಆಂಡ್ರಿ ಸಿಬಿಹಾ ಬಂದರು. ಯುದ್ಧದ ನಡುವೆ ಅಷ್ಟು ಅನುಭವಿಯನ್ನು ಬಿಟ್ಟುಕೊಟ್ಟದ್ದು ಸರಿಯಲ್ಲ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ.