ಪಕ್ಕದ ಮೆನು ತೆರೆಯುತ್ತದೆ, ಒತ್ತಿದರೆ ಮಾತ್ರ ಏನೂ ಆಗಲ್ಲ

ಶಿವಮೊಗ್ಗದಲ್ಲಿ ಕೂತು ಆ್ಯಪ್ ಮಾಡುವವನು ನಾನು. ಹೊಸ ಪ್ರಾಜೆಕ್ಟ್ ಶುರು ಮಾಡುವುದು, ಲೈಬ್ರರಿ ಸೇರಿಸುವುದು ಇವೆಲ್ಲ ನಿಮಗೆ ಗೊತ್ತಿದೆ ಅಂತಲೇ ಬರೆಯುತ್ತೇನೆ.

ಪ್ರಶ್ನೆ: ಆಂಡ್ರಾಯ್ಡ್ ಆ್ಯಪ್‌ನಲ್ಲಿ ಡ್ರಾಯರ್‌ಲೇಔಟ್ ಬಳಸಿ ಪಕ್ಕದಿಂದ ಜಾರುವ ಮೆನು ಹಾಕಿದ್ದೇನೆ. ಮೆನು ಚೆನ್ನಾಗಿಯೇ ಬರುತ್ತದೆ. ಆದರೆ ಯಾವ ಐಟಂ ಒತ್ತಿದರೂ ಸುಮ್ನೆ ಮುಚ್ಚಿಕೊಳ್ಳುತ್ತದೆ. ಒತ್ತಿದಾಗ ಏನಾಗಬೇಕು ಅಂತ ಹೇಳುವ ಲಿಸನರ್ ಸರಿಯಾಗಿದೆ. ಒಂದು ವಿಡಿಯೋ ನೋಡಿ ಬ್ರಿಂಗ್‌ಟುಫ್ರಂಟ್ ಅಂತ ಒಂದು ಸಾಲು ಹಾಕಿದೆ, ಸರಿಹೋಯಿತು. ಯಾಕೆ ಸರ್? (ಸಾಗರದ ಓದುಗರು)

ಈ ಪ್ರಶ್ನೆ ಬಂದಾಗಲೆಲ್ಲ ಜೊತೆಗೆ ಲಿಸನರ್ ಕೋಡ್ ಉದ್ದಕ್ಕೆ ಅಂಟಿಸಿರುತ್ತಾರೆ. ತಪ್ಪು ಅಲ್ಲಿಲ್ಲ ಮಾರಾಯ್ರೆ, ಪರದೆಯಲ್ಲಿ ಏನು ಎಲ್ಲಿರಬೇಕು ಅಂತ ಬರೆಯುವ ಲೇಔಟ್ ಫೈಲಿನಲ್ಲಿದೆ. ನ್ಯಾವಿಗೇಶನ್‌ವ್ಯೂವನ್ನು, ಅಂದರೆ ಮೆನುವನ್ನು, ಮೊದಲು ಬರೆದು, ಮುಖ್ಯ ಪುಟವನ್ನು ಆಮೇಲೆ ಬರೆದಿರುತ್ತೀರಿ. ಡ್ರಾಯರ್‌ಲೇಔಟ್‌ನಲ್ಲಿ ಆಮೇಲೆ ಬರೆದದ್ದು ಮೇಲೆ ಕೂರುತ್ತದೆ, ಒಂದರ ಮೇಲೊಂದು ಚಾಪೆ ಹಾಸಿದ ಹಾಗೆ. ಅಂದರೆ ನಿಮ್ಮ ಪುಟ ಮೇಲೆ, ಮೆನು ಅದರ ಅಡಿಯಲ್ಲಿ.

ಹಾಗಾದರೆ ಮೆನು ಕಾಣುವುದಾದರೂ ಹೇಗೆ? ಎಲ್ಲರೂ ಎಡವುವುದು ಇಲ್ಲೇ. ಮೆನುವಿಗೆ ಹಿಂದಿನದ್ದು ಕಾಣದಂಥ ಗಟ್ಟಿ ಹಿನ್ನೆಲೆ ಬಣ್ಣ ಇದ್ದರೆ, ಡ್ರಾಯರ್‌ಲೇಔಟ್ ಪುಟವನ್ನು ಬಿಡಿಸುವಾಗ ಮೆನು ಇರುವಷ್ಟು ಜಾಗ ಬಿಟ್ಟು ಉಳಿದದ್ದನ್ನಷ್ಟೇ ಬಿಡಿಸುತ್ತದೆ. ಸುಮ್ಮನೆ ಎರಡೆರಡು ಸಲ ಬಣ್ಣ ಬಳಿಯುವ ಕೆಲಸ ಉಳಿಸಲು ಮಾಡಿದ ಏರ್ಪಾಡು ಅದು. ಹಾಗಾಗಿ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಬೆರಳಿಗೆ ಬೇರೆಯದೇ ಲೆಕ್ಕ. ನೀವು ಒತ್ತಿದ ಜಾಗದಲ್ಲಿ ಎಲ್ಲಕ್ಕಿಂತ ಮೇಲೆ ಯಾರಿದ್ದಾರೆ ಅಂತ ಡ್ರಾಯರ್‌ಲೇಔಟ್ ಹುಡುಕುತ್ತದೆ, ಅಲ್ಲಿ ನಿಮ್ಮ ಪುಟ ಸಿಗುತ್ತದೆ. ಮೆನು ತೆರೆದಿರುವಾಗ ಪುಟದ ಮೇಲೆ ಒತ್ತಿದರೆ ಏನರ್ಥ? ಮೆನು ಮುಚ್ಚು ಅಂತ. ಅದು ಹೇಳಿದ್ದನ್ನೇ ಮಾಡಿದೆ, ಪಾಪ.

ಬ್ರಿಂಗ್‌ಟುಫ್ರಂಟ್ ಕೆಲಸ ಮಾಡುವುದು ಮೆನುವನ್ನು ಡ್ರಾಯರ್‌ಲೇಔಟ್ ಒಳಗಿನವುಗಳ ಪಟ್ಟಿಯ ಕೊನೆಗೆ, ಅಂದರೆ ಎಲ್ಲಕ್ಕಿಂತ ಮೇಲಕ್ಕೆ, ಒಯ್ದು ಹಾಕುವುದರಿಂದ. ಆದರೆ ಅದು ತಾತ್ಕಾಲಿಕ ತೇಪೆ, ನಮ್ಮ ಕಡೆ ಹಂಚು ಸೋರಿದರೆ ಕೆಳಗೆ ಬೋಗುಣಿ ಇಡುತ್ತಾರಲ್ಲ, ಅದೇ ಥರ. ಆರು ತಿಂಗಳ ನಂತರ ಯಾರೋ ಆ ಸಾಲು ಯಾಕಿದೆ ಅಂತ ಗೊತ್ತಾಗದೆ ಅಳಿಸುತ್ತಾರೆ, ಆಮೇಲೆ ಮತ್ತೆ ನನಗೇ ಪತ್ರ. ಕಾರಣ ಹೇಳದೆ ಈ ಸಾಲನ್ನು ಮಂತ್ರದ ಹಾಗೆ ಹಂಚುವ ವಿಡಿಯೋ ಪಂಡಿತರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಫೈಲಿನಲ್ಲಿ ಪುಟ ಮೊದಲು ಇರಲಿ, ನ್ಯಾವಿಗೇಶನ್‌ವ್ಯೂ ಕೊನೆಗೆ ಇರಲಿ, ಅದು ಡ್ರಾಯರ್‌ಲೇಔಟ್‌ನ ನೇರ ಮಗುವಾಗಿಯೇ (ನಡುವೆ ಬೇರೇನೂ ಇಲ್ಲದೆ) ಇರಲಿ, ಯಾವ ಪಕ್ಕದಿಂದ ಬರಬೇಕು ಅಂತ ಹೇಳುವ ಲೇಔಟ್ ಗ್ರಾವಿಟಿ ಸ್ಟಾರ್ಟ್ ಅಂತ ಇರಲಿ. ಗ್ರಾವಿಟಿ ಮರೆತರೆ ಅದು ಮೆನು ಅಂತಲೇ ಲೆಕ್ಕಕ್ಕೆ ಬರುವುದಿಲ್ಲ, ಬಟನ್ ಒತ್ತಿ ತೆರೆಯಲು ಹೋದಾಗ ಆ್ಯಪ್ ಬಿದ್ದುಹೋಗುತ್ತದೆ.

ಕೇಳದಿದ್ದರೂ ಇನ್ನೊಂದು. ಐಟಂ ಒತ್ತಿದ ಕೂಡಲೇ ಭಾರದ ಕೆಲಸ ಶುರು ಮಾಡಬೇಡಿ. ಮೆನು ಮುಚ್ಚುವಾಗ ತಡವರಿಸುತ್ತದೆ. ಮುಚ್ಚಿಯಾದ ಮೇಲೆ, ಅಂದರೆ ಆನ್‌ಡ್ರಾಯರ್‌ಕ್ಲೋಸ್ಡ್ ಬಂದ ಮೇಲೆ ಮಾಡಿ. ಇದನ್ನು ನೋಡಲಿಕ್ಕೆಂದೇ 2 ಜಿಬಿ ರ‍್ಯಾಮಿನ ಹಳೇ ಫೋನೊಂದನ್ನು ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಎಡ ಅಂಚಿನಿಂದ ಎಳೆದರೆ ಮೆನು ಬರುವ ಬದಲು ಆ್ಯಪೇ ಹೊರಗೆ ಹೋಗುತ್ತದೆ. (ತೀರ್ಥಹಳ್ಳಿ)

2019ರ ಆಂಡ್ರಾಯ್ಡ್ 10ರಲ್ಲಿ ಬಂದ ಸನ್ನೆಗಳಲ್ಲಿ ಅಂಚಿನಿಂದ ಎಳೆಯುವುದು ಅಂದರೆ ಹಿಂದಕ್ಕೆ ಹೋಗುವುದು. ಅಂಚು ಈಗ ಫೋನಿನದ್ದು, ನಿಮ್ಮದಲ್ಲ. ಬೇಕಾದ ತುಂಡನ್ನು ಬಿಡಿಸಿಕೊಳ್ಳಬಹುದು, ಆದರೆ ಒಂದೊಂದು ಅಂಚಿನಲ್ಲಿ 200 ಡಿಪಿ (ಆಂಡ್ರಾಯ್ಡ್‌ನಲ್ಲಿ ಪರದೆ ಅಳೆಯುವ ಮಾನ) ಎತ್ತರದಷ್ಟು ಮಾತ್ರ. ಇಂಥ ಸಾಮಾನ್ಯ ಆ್ಯಪ್‌ನಲ್ಲಿ ಇಡೀ ಅಂಚನ್ನೇ ತಡೆಯುವ ಉಪಾಯ ಇದೆ ಎನ್ನುವವರನ್ನು ನಂಬಬೇಡಿ. ಮೇಲೆ ಮೂರು ಗೆರೆಯ ಬಟನ್ ಇಡಿ, ಸಾಕು.

ಪ್ರಶ್ನೆ: ಫ್ಲಟರ್‌ನಲ್ಲಿ (ಆ್ಯಪ್ ಮಾಡುವ ಇನ್ನೊಂದು ಸಾಧನ) ಬಟನ್ ಒತ್ತಿ ಮೆನು ತೆರೆಯಲು ಹೋದರೆ ಸ್ಕ್ಯಾಫೋಲ್ಡ್, ಅಂದರೆ ಪುಟದ ಚೌಕಟ್ಟು, ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ.

ನೀವು ಕೊಟ್ಟ ಕಾಂಟೆಕ್ಸ್ಟ್ (ಎಲ್ಲಿಂದ ಹುಡುಕಬೇಕು ಅಂತ ಹೇಳುವ ಜಾಗ) ಸ್ಕ್ಯಾಫೋಲ್ಡಿಗಿಂತ ಮೇಲಿನದು. ಅದರ ಒಳಗಿನ ಕಾಂಟೆಕ್ಸ್ಟ್ ಸಿಗುವ ಹಾಗೆ ಬಟನ್ನನ್ನು ಬಿಲ್ಡರ್ ಒಳಗೆ ಹಾಕಿ.

ಪ್ರಶ್ನೆ: ತಿರುಗಿ ತೆರೆಯುವ ತ್ರೀಡಿ ಮೆನುವಿಗೆ ದುಡ್ಡು ಕೊಟ್ಟು ಲೈಬ್ರರಿ ಕೊಳ್ಳಬಹುದಾ?

ಬೇಡ.

ಪ್ರಶ್ನೆ: ಅಡಿಕೆ ದರದ ಆ್ಯಪ್. ಇವತ್ತಿನ ದರ, ಹಿಂದಿನ ದರ, ಹವಾಮಾನ, ಮೂರು ಪುಟ. ಮೆನು ಎಡಕ್ಕಾ ಬಲಕ್ಕಾ? (ಹೊಸನಗರ)

ಎರಡೂ ಕಡೆ ಬೇಡ. ಮೂರರಿಂದ ಐದು ಮುಖ್ಯ ಪುಟ ಇದ್ದರೆ ಪರದೆಯ ಕೆಳಗೆ ಸದಾ ಕಾಣುವ ಬಟನ್ ಪಟ್ಟಿಯೇ ಸರಿ, ಪಕ್ಕದ ಮೆನು ಅದಕ್ಕಿಂತ ಜಾಸ್ತಿ ಇದ್ದಾಗ. ನಾನೂ ಇದೇ ತಪ್ಪು ಮಾಡಿದ್ದೆ. ನನ್ನ ಆ್ಯಪ್‌ನಲ್ಲಿ ರಾಶಿ, ಬೆಟ್ಟೆ, ಗೊರಬಲು ಹೀಗೆ ಅಡಿಕೆಯ ಬಗೆಗಳ ದರ ಎಲ್ಲ ಮೆನು ಒಳಗೆ ಇಟ್ಟಿದ್ದೆ. ಅಪ್ಪ ಒಂದು ವಾರ ಮೊದಲ ಪುಟವನ್ನಷ್ಟೇ ನೋಡಿ, "ಇದರಲ್ಲಿ ದರವೇ ಇಲ್ಲವಲ್ಲೋ, ಎಂತ ಮಾಡಿದ್ದೀಯ?" ಅಂದರು. ಆ ಮೂರು ಗೆರೆಯನ್ನು ಅವರು ಒಮ್ಮೆಯೂ ಒತ್ತಿರಲಿಲ್ಲ. ಅದೇ ರಾತ್ರಿ ಎಲ್ಲವನ್ನೂ ಕೆಳಗಿನ ಪಟ್ಟಿಗೆ ತಂದು ಹಾಕಿದೆ.